ಎಷ್ಟು ಇಂಜೆಕ್ಷನ್ ಅಲ್ಲ, ಎಷ್ಟು ಹೊತ್ತಿಗೆ: ಮಂಡ್ಯದ ಒಂದು ತಾಲ್ಲೂಕು ಆಸ್ಪತ್ರೆಯ ಪ್ರಕರಣ

ತಿಂಗಳ ವರದಿಯ ಹಾಳೆಯಲ್ಲಿ ನಾಲ್ಕೇ ಕಾಲಂ ಇದ್ದವು. ಎದೆನೋವು ಅಂತ ಬಂದ ಎಷ್ಟು ಜನಕ್ಕೆ ಇಸಿಜಿ ತೆಗೆದಿರಿ, ಅದರಲ್ಲಿ ಎಷ್ಟು ಹಾರ್ಟ್ ಅಟ್ಯಾಕ್, ಎಷ್ಟು ಜನಕ್ಕೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟಿರಿ, ಎಷ್ಟು ಜನರನ್ನು ಮೈಸೂರಿಗೆ ಕಳಿಸಿದಿರಿ. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ ಈ ಹಾಳೆಯನ್ನು ತಪ್ಪದೆ ತುಂಬಿ ಕಳಿಸುತ್ತಿತ್ತು. ಮೇಲೆ ಕೂತು ಓದುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಸಂಖ್ಯೆ ಏರುತ್ತಿತ್ತು, ಇಂಜೆಕ್ಷನ್ ಸ್ಟಾಕ್ ಖರ್ಚಾಗುತ್ತಿತ್ತು, ಹಣ ಬಳಕೆಯ ಪ್ರಮಾಣಪತ್ರ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು.

ನಾನು ಮೈಸೂರಿನಲ್ಲಿ ಸಮುದಾಯ ವೈದ್ಯಕೀಯದಲ್ಲಿ ಕೆಲಸ ಮಾಡುವವನು. ತಾಲ್ಲೂಕಿನಲ್ಲೇ ಹಾರ್ಟ್ ಅಟ್ಯಾಕ್‌ಗೆ ಉಚಿತ ಇಂಜೆಕ್ಷನ್ ಕೊಡುವ ಇಂಥ ಯೋಜನೆಗಳಿಗೆ ಹಾಕಿದ ಸರ್ಕಾರಿ ದುಡ್ಡು ಕೆಲಸ ಮಾಡಿತಾ ಅಂತ ನೋಡಿ ಬರೆಯುವುದು ನಮ್ಮ ಚಿಕ್ಕ ತಂಡದ ಪಾಲಿಗೆ ಬಂದಿತ್ತು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ರೋಗಿಗಳ ಗುರುತು ಸಿಗದ ಹಾಗೆ ಊರು, ವಯಸ್ಸು, ಹೊತ್ತನ್ನು ಸ್ವಲ್ಪ ಬದಲಿಸಿದ್ದೇನೆ. ಇದನ್ನು ಬರೆಯಲು ಕಾರಣ ಒಂದೇ. ಸಂಶೋಧನೆಯಲ್ಲಿ ಗೆದ್ದ ಮದ್ದನ್ನು ದುಡ್ಡು ಕೊಟ್ಟು ತಾಲ್ಲೂಕಿನ ತನಕ ತಂದೆವು ಅಂದ ಮಾತ್ರಕ್ಕೆ, ಸಂಶೋಧನೆಯಲ್ಲಿ ಸಿಕ್ಕ ಫಲವೂ ಅದರ ಜೊತೆ ಬಂತು ಅಂತಲ್ಲ. ಬಂದಿದೆಯಾ ಇಲ್ಲವಾ ಅಂತ ಆ ನಾಲ್ಕು ಕಾಲಂ ನೋಡಿ ಹೇಳಲು ಆಗುವುದೇ ಇಲ್ಲ.

ಮದ್ದಿನ ಹಿಂದಿನ ಕಥೆ

ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡು ಆಗುವ ಹಾರ್ಟ್ ಅಟ್ಯಾಕನ್ನು ಡಾಕ್ಟರುಗಳು ಸ್ಟೆಮಿ ಅನ್ನುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಿದರೆ ಜೀವ ಉಳಿಯುತ್ತದೆ ಎಂಬುದು ದೊಡ್ಡ ಮಟ್ಟದಲ್ಲಿ ಗಟ್ಟಿಯಾಗಿದ್ದು 1986ರಲ್ಲಿ, ಇಟಲಿಯ ಜಿಸ್ಸಿ ಅಧ್ಯಯನದಿಂದ. 11,000ಕ್ಕೂ ಹೆಚ್ಚು ರೋಗಿಗಳು ಅದರಲ್ಲಿದ್ದರು. ಹೆಪ್ಪು ಕರಗಿಸುವ ಮದ್ದು ಸ್ಟ್ರೆಪ್ಟೊಕೈನೇಸ್ ಸಿಗದವರಲ್ಲಿ ಶೇ. 13ರಷ್ಟು ಮಂದಿ ತೀರಿಕೊಂಡರು, ಸಿಕ್ಕವರಲ್ಲಿ ಶೇ. 10.7. ಇದು ಎಲ್ಲರನ್ನೂ ಒಟ್ಟು ಹಾಕಿದ ಲೆಕ್ಕ. ಒಳಗೆ ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ನೋವು ಶುರುವಾದ ಒಂದು ಗಂಟೆಯೊಳಗೆ ಮದ್ದು ಸಿಕ್ಕವರಲ್ಲಿ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಮೂರು ಗಂಟೆಯೊಳಗೆ ಅಂದರೆ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಇಳಿಕೆ. ಆರು ಗಂಟೆ ದಾಟಿದವರಲ್ಲಿ ಲಾಭ ಆ ಅಧ್ಯಯನದಲ್ಲಿ ಕಾಣಲೇ ಇಲ್ಲ. ಆಮೇಲಿನ ಸಂಶೋಧನೆಗಳ ಬಲದ ಮೇಲೆ ಈಗ 12 ಗಂಟೆಯವರೆಗೂ ಕೊಡಬಹುದು ಅನ್ನುತ್ತಾರೆ. ಆದರೆ ಹೊತ್ತು ಹೋದಷ್ಟೂ ಲಾಭ ಕರಗುತ್ತದೆ ಅನ್ನುವುದು ಇವತ್ತಿಗೂ ಹಾಗೇ ಇದೆ.

ಅಂದರೆ ವಯಲ್ (ಮದ್ದಿನ ಪುಟ್ಟ ಬಾಟಲಿ) ಅದೇ, ಬೆಲೆ ಅದೇ, ಕೊಡುವ ಕೈಯೂ ಅದೇ. ಅದು ಮಾಡುವ ಕೆಲಸ ಮಾತ್ರ ಗಂಟೆಗಂಟೆಗೂ ಬೇರೆ.

ಸ್ಟ್ರೆಪ್ಟೊಕೈನೇಸನ್ನು ಡ್ರಿಪ್‌ನಲ್ಲಿ ಸುಮಾರು ಒಂದು ಗಂಟೆ ಹೊತ್ತು ಬಿಡಬೇಕು, ಬಿಪಿ ಬೀಳುತ್ತದಾ ಅಂತ ಪಕ್ಕದಲ್ಲೇ ನಿಂತು ನೋಡಬೇಕು. ಹೆಪ್ಪು ಕರಗಿಸುವ ಇನ್ನೊಂದು ಮದ್ದು ಟೆನೆಕ್ಟೆಪ್ಲೇಸ್ ಹಾಗಲ್ಲ. ರೋಗಿಯ ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಒಂದೇ ಸಲ, ಕೆಲವೇ ಸೆಕೆಂಡಿನಲ್ಲಿ ಕೊಟ್ಟು ಮುಗಿಸಬಹುದು. ಇದೇ ಕೆಲಸ ಮಾಡುವ ಇನ್ನೊಂದು ಮದ್ದು ಆಲ್ಟೆಪ್ಲೇಸ್ ಜೊತೆ ಇದನ್ನು ಸುಮಾರು 17,000 ರೋಗಿಗಳಲ್ಲಿ ಹೋಲಿಸಿದ ಫಲಿತಾಂಶ 1999ರಲ್ಲಿ ಬಂತು. ಒಂದು ತಿಂಗಳ ಸಾವಿನ ಪ್ರಮಾಣ ಎರಡರಲ್ಲೂ ಒಂದೇ, ಶೇ. 6ರ ಆಸುಪಾಸು. ಸ್ಟ್ರೆಪ್ಟೊಕೈನೇಸ್‌ಗಿಂತ ಇದು ಹಲವು ಪಟ್ಟು ದುಬಾರಿ. ಹಣಕಾಸಿನವರು ಸಾಮಾನ್ಯವಾಗಿ ಇಲ್ಲೇ ಕೊಕ್ಕೆ ಹಾಕುತ್ತಾರೆ: ಅಗ್ಗದ್ದು ಇರುವಾಗ ದುಬಾರಿ ಯಾಕೆ? ರಾತ್ರಿ ಪಾಳಿಯಲ್ಲಿ ಒಬ್ಬರೇ ಡಾಕ್ಟರ್, ಒಬ್ಬರೇ ಸಿಸ್ಟರ್ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ಕೂತು ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿ ಒಂದು ಗಂಟೆ ಪಕ್ಕದಲ್ಲಿ ನಿಲ್ಲಲು ಯಾರೂ ಇರುವುದಿಲ್ಲ. ದುಬಾರಿ ಮದ್ದು ಅಲ್ಲಿ ಕಡಿಮೆ ಸಿಬ್ಬಂದಿಗೆ ಕೊಡುವ ಬೆಲೆ. ಯೋಜನೆಯ ಮೌಲ್ಯಮಾಪನ ಮಾಡುವವರು ಮದ್ದಿನ ಬೆಲೆಯೊಂದನ್ನೇ ಹಿಡಿದು ಜಗ್ಗಬಾರದು ಅಂತ ನಾನು ಹೇಳುವುದು ಇದಕ್ಕೇ.

ಕರ್ನಾಟಕದಲ್ಲಿ ಟೆನೆಕ್ಟೆಪ್ಲೇಸನ್ನು ಸರ್ಕಾರಿ ಖರ್ಚಿನಲ್ಲಿ ತಾಲ್ಲೂಕುಗಳಿಗೆ ತಂದಿದ್ದು 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ನೆಟ್ ಮೂಲಕ ಕಳಿಸುವುದು, ಕೃತಕ ಬುದ್ಧಿಮತ್ತೆಯ ನೆರವಿನಿಂದ ಅದನ್ನು ಬೇಗ ಓದಿಸುವುದು, ಹೃದಯ ತಜ್ಞರು ಹೌದು ಅಂದರೆ ಅಲ್ಲೇ ಉಚಿತವಾಗಿ ಇಂಜೆಕ್ಷನ್ ಕೊಡುವುದು, ಆಮೇಲೆ ಆ್ಯಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿ ಆ್ಯಂಜಿಯೊಗ್ರಾಂ ಮಾಡಿಸುವುದು. ದೊಡ್ಡ ಆಸ್ಪತ್ರೆಯನ್ನು ಹಬ್, ತಾಲ್ಲೂಕಿನದನ್ನು ಸ್ಪೋಕ್ ಅನ್ನುತ್ತಾರೆ. ಮಾದರಿ ಒಳ್ಳೆಯದೇ. ಅದರಲ್ಲಿ ನನಗೆ ಅನುಮಾನವಿಲ್ಲ.

ಆಲೆಮನೆಯ ರಾತ್ರಿ

ನಾವು ಆ ಆಸ್ಪತ್ರೆಯ ಸ್ಟೆಮಿ ಫೈಲುಗಳನ್ನು ಒಂದೊಂದಾಗಿ ತೆಗೆದು ಕೂತೆವು. ಅದರಲ್ಲೊಂದು ಕೇಸನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಐವತ್ತು ದಾಟಿದ ಮನುಷ್ಯ. ಆಲೆಮನೆಯಲ್ಲಿ ಬೆಲ್ಲದ ಪಾಕ ಕಾಯಿಸುವ ಕೆಲಸ. ರಾತ್ರಿ ಒಂದೂವರೆಯ ಹೊತ್ತಿಗೆ ಎದೆ ಹಿಡಿದುಕೊಂಡಿತು, ಮೈಯೆಲ್ಲ ಬೆವರಿತು. ಕೊಪ್ಪರಿಗೆ ಮುಂದೆ ನಿಂತವರೆಲ್ಲ ಬೆವರುತ್ತಾರೆ, ಹಾಗಾಗಿ ಆ ಬೆವರು ಯಾರ ಕಣ್ಣಿಗೂ ಬೀಳಲಿಲ್ಲ. ಗ್ಯಾಸ್ ಅಂದುಕೊಂಡು ಜೀರಿಗೆ ನೀರು ಕುಡಿದು, ಸಿಪ್ಪೆ ರಾಶಿಯ ಪಕ್ಕ ಮಲಗಿದರು. ಬೆಳಿಗ್ಗೆ ಮನೆಗೆ ಬಂದು ಸೋಡ ಕುಡಿದರು. ಆರೂವರೆಗೆ ಊರಿನ ಕ್ಲಿನಿಕ್‌ಗೆ ಹೋದರು. ಅಲ್ಲಿ ಗ್ಯಾಸ್ಟ್ರಿಕ್‌ಗೆ ಅಂತ ಒಂದು ಸೂಜಿ ಹಾಕಿ ಕಳಿಸಿದರು. ಎಂಟು ದಾಟಿದ ಮೇಲೆ ನೋವು ತಡೆಯಲಾಗದೆ ಪಕ್ಕದ ಮನೆಯವರ ಗೂಡ್ಸ್ ಆಟೊದಲ್ಲಿ ತಾಲ್ಲೂಕು ಆಸ್ಪತ್ರೆಗೆ ಬಂದರು. ಗೇಟಿನ ಹತ್ತಿರ ಬಂದಾಗ 9.05. ಇದು ನಮಗೆ ಗೊತ್ತಾಗಿದ್ದು ಆಸ್ಪತ್ರೆಯ ದಾಖಲೆಯಿಂದ ಅಲ್ಲ. ಅವರ ಹೆಂಡತಿ ಆಗ ಮಗನಿಗೆ ಫೋನ್ ಮಾಡಿದ್ದರು, ಫೋನಿನಲ್ಲಿ ಆ ಹೊತ್ತು ಉಳಿದಿತ್ತು.

ಓಪಿ ಚೀಟಿಯ ಮೇಲಿನ ಹೊತ್ತು 9.12. ಇಸಿಜಿ ಹಾಳೆಯ ಮೇಲೆ ಮೆಷಿನ್ ಒತ್ತಿದ ಹೊತ್ತು 03.41, ತಾರೀಖು ಎರಡು ವರ್ಷ ಹಿಂದಿನದು! ಬ್ಯಾಟರಿ ಒಮ್ಮೆ ಪೂರ್ತಿ ಸತ್ತಾಗ ಗಡಿಯಾರ ಮೊದಲಿಗೆ ಹೋಗಿ ನಿಂತಿದೆ, ಆಮೇಲೆ ಯಾರೂ ಸರಿ ಮಾಡಿಲ್ಲ. ಯಾಕೆ ಮಾಡಬೇಕು ಹೇಳಿ? ಹೊತ್ತನ್ನು ಯಾರೂ ಕೇಳಿರಲಿಲ್ಲ. ಆ ದಿನ ನೆಟ್ ಕೈ ಕೊಟ್ಟಿದ್ದರಿಂದ ಸಿಸ್ಟರ್ ಇಸಿಜಿಯ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದರು. ಅದು 9.31. ಅತ್ತ ಕಡೆಯಿಂದ ಸ್ಟೆಮಿ ಹೌದು ಅಂತ ಉತ್ತರ ಬಂದಿದ್ದು 9.38. ಏಳೇ ನಿಮಿಷ. ಇಂಜೆಕ್ಷನ್ ಕೊಟ್ಟ ಹೊತ್ತು ಸಿಸ್ಟರ್ ಬರೆದಂತೆ 10.10.

ಉತ್ತರ ಬಂದ ಮೇಲೆ ಅರ್ಧ ಗಂಟೆ ಎಲ್ಲಿ ಹೋಯಿತು ಅಂತ ಡ್ಯೂಟಿ ಡಾಕ್ಟರನ್ನು ಕೇಳಿದೆವು. ಚಿಕ್ಕ ವಯಸ್ಸಿನ ಹುಡುಗಿ. ಅದೇ ಹೊತ್ತಿಗೆ ನಾಯಿ ಕಚ್ಚಿದ ಮಗು ಒಂದು ಕಡೆ, ಹೆರಿಗೆ ವಾರ್ಡಿನಿಂದ ಕರೆ ಇನ್ನೊಂದು ಕಡೆ. ಬಿಪಿ ಜಾಸ್ತಿ ಇತ್ತು, ಇಳಿಸಬೇಕಿತ್ತು. ನೂರರಲ್ಲಿ ಸುಮಾರು ಒಬ್ಬರಿಗೆ ಮೆದುಳಿನಲ್ಲಿ ರಕ್ತ ಸೋರಬಹುದು ಎಂಬುದನ್ನು ಮನೆಯವರಿಗೆ ಹೇಳಿ ಸಹಿ ತೆಗೆದುಕೊಳ್ಳಬೇಕಿತ್ತು. ಹೆಂಡತಿ ಸಹಿ ಹಾಕಲು ಹೆದರಿದರು. "ದೊಡ್ಡೋನು ಬಂದ್ಬುಡ್ಲಿ ಸಾ, ಬೆಂಗ್ಳೂರ್ ಬುಟ್ಟವ್ನೆ" ಅಂತ ವಾರ್ಡ್ ಬಾಯ್ ಹತ್ತಿರ ಬೇಡಿಕೊಂಡರಂತೆ. ಕೊನೆಗೆ ಡಾಕ್ಟರ್ ಮಗನ ಜೊತೆ ಫೋನಿನಲ್ಲಿ ಮಾತಾಡಿ ಒಪ್ಪಿಸಿದರು.

ಆ ಡಾಕ್ಟರ್ ಇನ್ನೊಂದು ಮಾತು ಹೇಳಿದರು. "ಕೊಡದೆ ಮೈಸೂರಿಗೆ ಕಳಿಸಿದ್ರೆ ಯಾರೂ ಏನೂ ಕೇಳಲ್ಲ ಸರ್. ಕೊಟ್ಟು ಇಲ್ಲೇ ಏನಾದ್ರೂ ಆದ್ರೆ ಊರೇ ಬಂದು ಕೇಳುತ್ತೆ." ತರಬೇತಿಯಲ್ಲಿ ಮದ್ದಿನ ಡೋಸ್ ಹೇಳಿಕೊಟ್ಟಿದ್ದರು. ಈ ಹೆದರಿಕೆಗೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಲೆಕ್ಕ ಹಾಕಿ. ಬಾಗಿಲಿಗೆ ಬಂದಾಗಿನಿಂದ ಸೂಜಿವರೆಗೆ 65 ನಿಮಿಷ. ನೋವು ಶುರುವಾದಾಗಿನಿಂದ ಬಾಗಿಲವರೆಗೆ 455 ನಿಮಿಷ. ಒಟ್ಟು 520 ನಿಮಿಷ, ಅಂದರೆ 8 ಗಂಟೆ 40 ನಿಮಿಷ. ತಿಂಗಳ ವರದಿಯಲ್ಲಿ ಈ ಮನುಷ್ಯ ಏನಾದರು ಗೊತ್ತಾ? ಇಸಿಜಿ ಒಂದು, ಸ್ಟೆಮಿ ಒಂದು, ಇಂಜೆಕ್ಷನ್ ಒಂದು, ರೆಫರ್ ಒಂದು. ನಾಲ್ಕು ಕಾಲಮ್ಮಿನಲ್ಲೂ ನಾಲ್ಕು ಗೆಲುವು. ಒಂದು ಗಂಟೆಯೊಳಗೆ ಬಂದು ಹತ್ತೇ ನಿಮಿಷದಲ್ಲಿ ಇಂಜೆಕ್ಷನ್ ಸಿಕ್ಕವರೂ ಅದೇ ಹಾಳೆಯಲ್ಲಿ ಅಷ್ಟೇ ಗೆಲುವು. ಹಾಳೆಯ ಪ್ರಕಾರ ಇಬ್ಬರಿಗೂ ಏನೂ ವ್ಯತ್ಯಾಸವಿಲ್ಲ.

ಇದು ಮಂಡ್ಯದ ಒಂದು ಆಸ್ಪತ್ರೆಯ ಹಣೆಬರಹ ಮಾತ್ರ ಅಲ್ಲ. 2008ರಲ್ಲಿ ಪ್ರಕಟವಾದ ಕ್ರಿಯೇಟ್ ಅಧ್ಯಯನ ದೇಶದ 50 ನಗರಗಳ 89 ಆಸ್ಪತ್ರೆಗಳಿಂದ 20,468 ಹೃದಯ ರೋಗಿಗಳ ಲೆಕ್ಕ ತೆಗೆದಿತ್ತು. ನೋವು ಶುರುವಾಗಿ ಆಸ್ಪತ್ರೆ ಸೇರುವ ಹೊತ್ತಿಗೆ ಆಗುತ್ತಿದ್ದ ನಡುಮಟ್ಟದ ತಡ 360 ನಿಮಿಷ. ಆಸ್ಪತ್ರೆ ಒಳಗೆ ಬಂದ ಮೇಲೆ ಮದ್ದು ಸಿಗುವುದಕ್ಕೆ 50 ನಿಮಿಷ. ಆ್ಯಂಬುಲೆನ್ಸಿನಲ್ಲಿ ಬಂದವರು ನೂರಕ್ಕೆ ಐದರಷ್ಟು. ಕಳೆದುಹೋಗುವ ಹೊತ್ತಿನಲ್ಲಿ ಹೆಚ್ಚಿನ ಪಾಲು ಆಸ್ಪತ್ರೆ ಗೇಟಿನ ಹೊರಗೇ ಹೋಗುತ್ತದೆ ಅನ್ನುವುದು ಅವತ್ತೇ ಬರಹದಲ್ಲಿತ್ತು. ನಾವು ನೋಡಿದ ಆಸ್ಪತ್ರೆಯಲ್ಲಿ ದುಡ್ಡೆಲ್ಲ ಖರ್ಚಾಗಿದ್ದು ಗೇಟಿನ ಒಳಗೆ: ಮೆಷಿನ್, ಇಂಜೆಕ್ಷನ್, ತರಬೇತಿ. 50 ನಿಮಿಷವನ್ನು 30ಕ್ಕೆ ಇಳಿಸಲು ಎಲ್ಲ ಸಿದ್ಧತೆ, 360 ನಿಮಿಷದ ಬಗ್ಗೆ ಗೋಡೆಗೆ ಒಂದು ಪೋಸ್ಟರ್.

ಕ್ರಿಯೇಟ್‌ನಲ್ಲಿ ಇನ್ನೊಂದು ವಿಷಯವಿದೆ, ಅದು ಜಾಸ್ತಿ ಜನರ ಗಮನಕ್ಕೆ ಬಂದಿಲ್ಲ. ಬಡವರಲ್ಲಿ ಒಂದು ತಿಂಗಳೊಳಗಿನ ಸಾವು ಶೇ. 8.2, ಅನುಕೂಲಸ್ಥರಲ್ಲಿ ಶೇ. 5.5. ಈ ಅಂತರಕ್ಕೆ ಸಿಗರೇಟು, ಸಕ್ಕರೆ ಕಾಯಿಲೆ ಇಂಥವು ಕಾರಣವಾಗಿರಲಿಲ್ಲ. ಸಿಕ್ಕ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅಂತರವೇ ಮಾಯವಾಯಿತು. ಬಡವರಿಗೂ ಅದೇ ಮದ್ದು ಕೊಡಿ, ಅವರೂ ಅಷ್ಟೇ ಉಳಿಯುತ್ತಾರೆ ಅಂತ ಅರ್ಥ. ಸರ್ಕಾರಿ ದುಡ್ಡಿನಲ್ಲಿ ಉಚಿತ ಇಂಜೆಕ್ಷನ್ ಕೊಡುವುದಕ್ಕೆ ಇದಕ್ಕಿಂತ ಗಟ್ಟಿ ಸಮರ್ಥನೆ ಬೇಕಿಲ್ಲ. ಹಾಗಾಗಿ ನಮ್ಮ ತಕರಾರು ಯೋಜನೆಯ ಮೇಲಲ್ಲ, ಅಳೆಯುವ ರೀತಿಯ ಮೇಲೆ.

ಹಾಳೆಯಲ್ಲಿ ಇಲ್ಲದವರು

ಮೌಲ್ಯಮಾಪನ ಅಂದರೆ ಬಂದವರನ್ನು ಎಣಿಸುವುದು ಸುಲಭ. ನಾವು ಬೇರೆ ಪುಸ್ತಕಗಳನ್ನೂ ಕೇಳಿದೆವು. ಸೂಪರಿಂಟೆಂಡೆಂಟ್ ಮೊದಲು ಹುಬ್ಬೇರಿಸಿದರೂ ಕೊಟ್ಟರು.

ಓಪಿ ಪುಸ್ತಕದಲ್ಲಿ ಒಬ್ಬ ಹೆಂಗಸು. ಅರವತ್ತರ ಹತ್ತಿರ, ಸಕ್ಕರೆ ಕಾಯಿಲೆ. ಬೆನ್ನು ನೋವು, ಸುಸ್ತು, ವಾಂತಿ ಬಂದ ಹಾಗೆ ಅಂತ ಬರೆದಿದೆ. ಇಸಿಜಿ ತೆಗೆದಿಲ್ಲ. ಗ್ಯಾಸಿನ ಮಾತ್ರೆ ಬರೆದು ಕಳಿಸಿದ್ದಾರೆ. ಮರುದಿನ ಅವರು ಮಂಡ್ಯದಲ್ಲಿ ಸ್ಟೆಮಿ ಅಂತ ದಾಖಲಾಗಿದ್ದು ಆ ಊರಿನ ಆಶಾ ಕಾರ್ಯಕರ್ತೆಯಿಂದ ನಮಗೆ ಗೊತ್ತಾಯಿತು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಎದೆನೋವಿಲ್ಲದೆ ಬರುತ್ತದೆ. ವೈದ್ಯಕೀಯದಲ್ಲಿ ಇದು ಹೊಸ ವಿಷಯವೇನಲ್ಲ. ಆದರೆ ಹಾಳೆಯ ಮೊದಲ ಕಾಲಮ್ಮೇ 'ಎದೆನೋವು ಅಂತ ಬಂದವರು' ಅಂತಿದ್ದರೆ ಈ ಅಮ್ಮ ಎಲ್ಲಿಗೆ ಸೇರಬೇಕು? ಯೋಜನೆಯ ಪ್ರಕಾರ ಅವರು ಆಸ್ಪತ್ರೆಗೆ ಬಂದೇ ಇಲ್ಲ.

ಇನ್ನೊಂದು ಪುಸ್ತಕ ಕ್ಯಾಶುವಾಲ್ಟಿಯಲ್ಲಿ ಬೇರೆಯೇ ಇರುತ್ತದೆ. ಬರುವಷ್ಟರಲ್ಲಿ ಜೀವ ಹೋಗಿದ್ದವರದ್ದು. ಅಲ್ಲಿ 'ಬ್ರಾಟ್ ಡೆಡ್' ಅಂತ ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಅದರಲ್ಲಿ ಮನೆಯವರ ಹೇಳಿಕೆ ಅಂತ ಒಂದು ಸಾಲು ಇರುತ್ತದೆ. 'ರಾತ್ರಿ ಎದೆ ನೋವು ಎಂದರು' ಅನ್ನುವ ಸಾಲು ನಮಗೆ ಒಂದಲ್ಲ ಎರಡಲ್ಲ ಸಿಕ್ಕವು. ಆಲೆಮನೆಯ ಮನುಷ್ಯನ ಹಾಗೆ ಗ್ಯಾಸ್ ಅಂದುಕೊಂಡು ಬೆಳಗಿನ ತನಕ ಉಳಿಯದೆ ಹೋದವರು ಇವರು. ಯೋಜನೆ ತಲುಪಬೇಕಿದ್ದ ಜನರಲ್ಲಿ ಇವರೂ ಸೇರಿದ್ದಾರೆ ಅಲ್ವಾ? ಭಾಗಿಸುವ ಸಂಖ್ಯೆಯೊಳಗೆ ಇವರನ್ನು ತರದಿದ್ದರೆ 'ಸ್ಟೆಮಿ ಬಂದವರಲ್ಲಿ ಇಷ್ಟು ಜನಕ್ಕೆ ಇಂಜೆಕ್ಷನ್' ಎಂಬ ಶೇಕಡಾವಾರು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಎಣಿಕೆ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ 2025ರ ಜೂನ್-ಜುಲೈ ಸಾಕ್ಷಿ. ಹಾಸನ ಜಿಲ್ಲೆಯಲ್ಲಿ ಸಾಲು ಸಾಲು ಹೃದಯಾಘಾತದ ಸುದ್ದಿ ಬಂತು. ಟೀವಿಯಲ್ಲಿ ಅದೇ, ಮೊಬೈಲಿನಲ್ಲಿ ಅದೇ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ, ಪರಿಶೀಲನೆ ಮಾಡಿ ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ಹೇಳಿತು. ನಾವು ನೋಡುತ್ತಿದ್ದ ತಾಲ್ಲೂಕು ಆಸ್ಪತ್ರೆಗೂ ಆ ಗಾಬರಿಯ ಅಲೆ ಬಡಿದಿತ್ತು. ಇಸಿಜಿ ಕಾಲಂ ದಿಢೀರನೆ ಉಬ್ಬಿತು. ಸ್ಟೆಮಿ ಕಾಲಂ ಇದ್ದಲ್ಲೇ ಇತ್ತು. ಇಸಿಜಿ ಸಂಖ್ಯೆಯನ್ನೇ ಸಾಧನೆ ಅಂತ ಹಿಡಿದಿದ್ದರೆ ಆ ತಿಂಗಳು ಯೋಜನೆಯ ಅತಿ ದೊಡ್ಡ ಯಶಸ್ಸು! ನಿಜದಲ್ಲಿ ಅವತ್ತು ಇಸಿಜಿ ಮೆಷಿನ್ ಮುಂದಿನ ಸಾಲಿನಲ್ಲಿ ನಿಜವಾದ ರೋಗಿ ಹಿಂದೆ ಬೀಳುವ ಅಪಾಯವಿತ್ತು. ಸಿಸ್ಟರ್ ಒಬ್ಬರು ಜಾಣತನ ಮಾಡಿದರು. ಬೆವರುತ್ತಾ ಬಂದವರು, ಎಡಗೈ ಹಿಡಿದುಕೊಂಡು ಬಂದವರು ಯಾರೇ ಆದರೂ ಸಾಲು ಬಿಟ್ಟು ಒಳಗೆ ಅಂತ ಬಾಗಿಲಲ್ಲಿ ಒಬ್ಬ ಗ್ರೂಪ್ ಡಿ ನೌಕರರನ್ನು ನಿಲ್ಲಿಸಿದರು. ಇಂಥದ್ದಕ್ಕೆ ಯಾವ ವರದಿಯಲ್ಲೂ ಕಾಲಂ ಇಲ್ಲ.

ಇಂಜೆಕ್ಷನ್ ಕಾಲಮ್ಮಿನದ್ದೂ ಇದೇ ಕಥೆ. ಅವಧಿ ಮುಗಿದು ವಯಲ್ ಹಾಳಾದರೆ ಆಡಿಟ್‌ನಲ್ಲಿ ಪ್ರಶ್ನೆ ಬರುತ್ತದೆ. ಇಷ್ಟು ಖರ್ಚಾಗಬೇಕು ಅಂತ ಗುರಿ ಕೊಟ್ಟರೆ, ಕೊಡಬಾರದವರಿಗೂ ಕೊಡುವ ಆಸೆ ಹುಟ್ಟುತ್ತದೆ. ತುರ್ತು ಮದ್ದು ಕಪಾಟಿನಲ್ಲಿ ಸುಮ್ನೆ ಕೂತಿರುವುದೂ ಒಂದು ಕೆಲಸವೇ. ಹಳ್ಳಿ ಕಡೆಯ ಆಸ್ಪತ್ರೆಯಲ್ಲಿ ಕೆಲವು ವಯಲ್ ಹಾಳಾಗುವುದನ್ನು ಯೋಜನೆಯ ಖರ್ಚು ಅಂತಲೇ ಒಪ್ಪಿಕೊಳ್ಳಬೇಕು ಅಂತ ನಾವು ಬರೆದೆವು. ಹಣಕಾಸಿನವರಿಗೆ ಈ ಸಾಲು ಇಷ್ಟವಾಗಲಿಲ್ಲ.

ಮೊದಲು-ಆಮೇಲೆ ಅನ್ನುವ ಮೋಸ

ಸರಿ, ಹೊತ್ತನ್ನೂ ಬರೆದುಕೊಂಡೆವು, ಬಾರದವರನ್ನೂ ಎಣಿಸಿದೆವು ಅಂತ ಇಟ್ಟುಕೊಳ್ಳಿ. ಯೋಜನೆ ಬರುವ ಮೊದಲು ಸಾವು ಇಷ್ಟು, ಬಂದ ಮೇಲೆ ಇಷ್ಟು ಅಂತ ಹೋಲಿಸಿದರೆ ಮುಗಿಯಿತಾ? ಇಲ್ಲಿ ಪಕ್ಕದ ಎರಡು ರಾಜ್ಯಗಳಿಂದ ಕಲಿಯುವುದಿದೆ.

ತಮಿಳುನಾಡಿನಲ್ಲಿ ಇದೇ ಹಬ್-ಸ್ಪೋಕ್ ಮಾದರಿಯನ್ನು 2,420 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯೊಳಗಿನ ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಒಂದು ವರ್ಷದ ಹೊತ್ತಿಗೆ ನೋಡಿದಾಗ ಸಾವು ಶೇ. 17.6ರಿಂದ 14.2ಕ್ಕೆ ಇಳಿದಿತ್ತು. ಅವರು ಡಿಸ್ಚಾರ್ಜ್ ದಿನವೇ ಪುಸ್ತಕ ಮುಚ್ಚಿದ್ದರೆ ಯೋಜನೆಯಿಂದ ಏನೂ ಆಗಲಿಲ್ಲ ಅಂತ ಬರೆಯಬೇಕಾಗುತ್ತಿತ್ತು. ನಮ್ಮ ತಾಲ್ಲೂಕು ಆಸ್ಪತ್ರೆಯ ಪುಸ್ತಕ ಅದಕ್ಕೂ ಮೊದಲೇ, ರೆಫರ್ ಚೀಟಿ ಬರೆದ ನಿಮಿಷಕ್ಕೇ ಮುಚ್ಚುತ್ತದೆ.

ಕೇರಳದ ಪಾಠ ಇನ್ನೂ ಖಾರ. ಅಲ್ಲಿ 63 ಆಸ್ಪತ್ರೆ, 21,374 ಹೃದಯ ರೋಗಿಗಳು. ಚೆಕ್‌ಲಿಸ್ಟ್, ತಿಂಗಳ ವಿಮರ್ಶೆ, ರೋಗಿಗೆ ಮಾಹಿತಿ ಎಲ್ಲ ಸೇರಿಸಿದ ಒಂದು ಗುಣಮಟ್ಟದ ಕಿಟ್ ಕೊಟ್ಟರು. ಸುಮ್ನೆ ಮೊದಲು-ಆಮೇಲೆ ನೋಡಿದರೆ 30 ದಿನದೊಳಗಿನ ದೊಡ್ಡ ತೊಂದರೆಗಳು ಶೇ. 6.4ರಿಂದ 5.3ಕ್ಕೆ ಇಳಿದಿದ್ದವು. ಪತ್ರಿಕಾ ಹೇಳಿಕೆ ಕೊಡಲು ಇಷ್ಟು ಸಾಕು. ಆದರೆ ಅವರು ಆಸ್ಪತ್ರೆಗಳನ್ನು ಗುಂಪು ಗುಂಪಾಗಿ, ಚೀಟಿ ಎತ್ತಿದ ಹಾಗೆ ಬೇರೆ ಬೇರೆ ತಿಂಗಳಿನಲ್ಲಿ ಸೇರಿಸಿದ್ದರು. ಹಾಗಾಗಿ ಕಾಲ ಸರಿದಂತೆ ಎಲ್ಲ ಕಡೆ ತಾನಾಗೇ ಆಗುತ್ತಿದ್ದ ಸುಧಾರಣೆಯನ್ನು ಕಿಟ್‌ನ ಲೆಕ್ಕದಿಂದ ಬೇರೆ ಮಾಡಲು ಸಾಧ್ಯವಾಯಿತು. ಬೇರೆ ಮಾಡಿದ ಮೇಲೆ ಕಿಟ್‌ನಿಂದ ಆದ ವ್ಯತ್ಯಾಸ ಅಂತ ಹೇಳಲು ಏನೂ ಉಳಿಯಲಿಲ್ಲ. 2018ರಲ್ಲಿ ಅವರು ಅದನ್ನು ಹಾಗೇ, ಮುಚ್ಚಿಡದೆ ಪ್ರಕಟಿಸಿದರು. ಸಾರ್ವಜನಿಕ ದುಡ್ಡಿನ ಲೆಕ್ಕ ಹೀಗಿರಬೇಕು ಅಂತ ನನಗನ್ನಿಸುತ್ತದೆ.

ನಮ್ಮಲ್ಲೂ ಯೋಜನೆ ಹಂತ ಹಂತವಾಗಿ ಬಂತು. ಮುಂದಿನ ಹಂತದಲ್ಲಿ ಸೇರುವ ತಾಲ್ಲೂಕುಗಳಲ್ಲಿ ಮೊದಲಿನಿಂದಲೇ ಹೊತ್ತು, ಸಾವು ಬರೆದಿಟ್ಟುಕೊಂಡರೆ ಕೇರಳದ ಹಾಗೆ ಹೋಲಿಕೆ ಮಾಡಬಹುದು. ಅದಕ್ಕೆ ಹೆಚ್ಚು ದುಡ್ಡೂ ಬೇಡ, ಯಾರಿಗೂ ಮದ್ದು ತಪ್ಪಿಸಲೂ ಬೇಡ. ಹೇಗೂ ಹಂತ ಹಂತವಾಗಿಯೇ ತಾನೇ ಕೊಡುವುದು? ಹಾಸನದ ಗಲಾಟೆಯ ನಂತರ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವ ಮಾತು ಬಂತು. ಜನರಿಗೆ ಒಳ್ಳೆಯದೇ. ಎಲ್ಲರೂ ಸೇರಿದ ಮೇಲೆ ಹೋಲಿಸಲು ಯಾರೂ ಉಳಿಯುವುದಿಲ್ಲ ಎಂಬುದೂ ಅಷ್ಟೇ ನಿಜ.

ಯಾವ ಅಳತೆಗೋಲು ಬಳಸಿದಿರಿ ಅಂತ ಕೇಳುವವರಿಗಾಗಿ: 1999ರಿಂದ ಬಳಕೆಯಲ್ಲಿರುವ ರೀ-ಏಮ್ ಚೌಕಟ್ಟನ್ನು. ಯಾರಿಗೆ ತಲುಪಿತು, ಫಲ ಸಿಕ್ಕಿತಾ, ಎಷ್ಟು ಕಡೆ ಕೈಗೆತ್ತಿಕೊಂಡರು, ಹೇಳಿದ ಹಾಗೆ ಮಾಡಿದರಾ, ದಿನ ಕಳೆದ ಮೇಲೂ ಉಳಿಯಿತಾ ಅನ್ನುವ ಐದು ಪ್ರಶ್ನೆಗಳು. ನಾಲ್ಕು ಕಾಲಮ್ಮಿನ ಹಾಳೆ ಇದರಲ್ಲಿ ನಾಲ್ಕನೆಯದಕ್ಕೆ ಅರ್ಧ ಉತ್ತರ ಕೊಡುತ್ತದೆ. ಮಿಕ್ಕಿದ್ದಕ್ಕೆ ಇಲ್ಲ.

ಏನು ಬರೆದೆವು, ಏನಾಯಿತು

ಆಲೆಮನೆಯ ಮನುಷ್ಯನ ಮನೆಗೆ ಫೋನ್ ಮಾಡಿದೆವು. ಮೈಸೂರಿನಲ್ಲಿ ಮರುದಿನ ಆ್ಯಂಜಿಯೊಗ್ರಾಂ ಆಗಿ ಸ್ಟೆಂಟ್ ಹಾಕಿದ್ದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಲ್ ಹೋಗಿತ್ತು. ಬದುಕಿದ್ದಾರೆ, ಆದರೆ ಸ್ವಲ್ಪ ದೂರ ನಡೆದರೂ ಏದುಸಿರು. ಮಗ ಫೋನಿನಲ್ಲಿ ಹೇಳಿದ್ದು: "ಮಾತ್ರೆ ಒಂದ್ ತಿಂಗ್ಳು ನುಂಗಿದ್ರು ಸಾ. ಈಗ ಚೆನ್ನಾಗವ್ರೆ ಅಂತ ಬುಟ್ಬುಟ್ರು." ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗೇ ನಿಲ್ಲಿಸಿದರೆ ಅದೇ ಸ್ಟೆಂಟ್ ಮತ್ತೆ ಕಟ್ಟಿಕೊಳ್ಳಬಹುದು. ಆ ಮಾತ್ರೆಗಳು ಅದೇ ತಾಲ್ಲೂಕು ಆಸ್ಪತ್ರೆಯ ಬಿಪಿ-ಶುಗರ್ ಕ್ಲಿನಿಕ್‌ನಲ್ಲಿ ಉಚಿತವಾಗಿ ಸಿಗುತ್ತಿದ್ದವು. ಮೈಸೂರಿನ ಡಿಸ್ಚಾರ್ಜ್ ಚೀಟಿ ಇಲ್ಲಿಗೆ ಬರುವುದಿಲ್ಲ, ಇಲ್ಲಿಯವರಿಗೆ ಅವರು ವಾಪಸ್ ಬಂದಿದ್ದೇ ಗೊತ್ತಿಲ್ಲ. ದುಬಾರಿ ಇಂಜೆಕ್ಷನ್, ಆ್ಯಂಬುಲೆನ್ಸ್, ಸ್ಟೆಂಟ್ ಎಲ್ಲದಕ್ಕೂ ಸರ್ಕಾರ ದುಡ್ಡು ಹಾಕಿದೆ. ಕೊನೆಗೆ ಒಂದು ಫೋನ್ ಕರೆಗೆ ಹಾಕಿಲ್ಲ.

ಅವತ್ತೇ ಆ ಕ್ಲಿನಿಕ್‌ನ ಕೌನ್ಸೆಲರ್ ಅವರನ್ನು ಕರೆಸಿ ಮಾತ್ರೆ ಮತ್ತೆ ಶುರು ಮಾಡಿಸಿದರು.

ವರದಿಯಲ್ಲಿ ನಾವು ಕೇಳಿದ್ದು ಸಣ್ಣ ಸಣ್ಣ ವಿಷಯಗಳು. ಇಸಿಜಿ ಮೆಷಿನ್ನಿನ ಗಡಿಯಾರವನ್ನು ಪ್ರತಿ ಸೋಮವಾರ ಮೊಬೈಲ್ ನೋಡಿ ಸರಿ ಮಾಡಿ. ಆ ಹಾಳೆ ಕೆಲ ತಿಂಗಳಲ್ಲೇ ಮಾಸಿಹೋಗುತ್ತದೆ, ಜೆರಾಕ್ಸ್ ತೆಗೆದು ಫೈಲಿಗೆ ಹಾಕಿ. ನೋವು ಶುರುವಾದ ಹೊತ್ತು, ಗೇಟಿಗೆ ಬಂದ ಹೊತ್ತು, ಸೂಜಿ ಹಾಕಿದ ಹೊತ್ತು, ಈ ಮೂರಕ್ಕೆ ಕಾಲಂ ಕೊಡಿ. ಎದೆನೋವು ಇಲ್ಲದಿದ್ದರೂ ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರು ಬೆವರು, ಸುಸ್ತು, ವಾಂತಿ ಅಂದರೆ ಇಸಿಜಿ ತೆಗೆಯಿರಿ. ಮೂವತ್ತನೇ ದಿನ ಒಂದು ಫೋನ್ ಮಾಡಿ. ಬ್ರಾಟ್ ಡೆಡ್ ಪುಸ್ತಕದಲ್ಲಿ ಎದೆನೋವಿನ ಹೇಳಿಕೆ ಇರುವವರ ಸಂಖ್ಯೆಯನ್ನೂ ತಿಂಗಳ ಹಾಳೆಗೆ ಸೇರಿಸಿ. ಗೇಟಿನ ಹೊರಗಿನ ಕೆಲಸಕ್ಕೆ ಅಂತ ಯೋಜನೆಯ ದುಡ್ಡಿನಲ್ಲಿ ಒಂದು ಪಾಲು ಎತ್ತಿಡಿ. ಆ ಪಾಲು ಮೊದಲು ಹೋಗಬೇಕಾದ್ದು ಮೆಡಿಕಲ್ ಸ್ಟೋರ್‌ಗಳಿಗೆ, ಊರಿನ ಕ್ಲಿನಿಕ್‌ಗಳಿಗೆ, ಆಲೆಮನೆ ಯಜಮಾನರಿಗೆ. ಮಂಡ್ಯದ ಕಡೆ ಗ್ಯಾಸ್ ಅಂತ ಮೊದಲು ಹೇಳಿಕೊಳ್ಳುವುದು ಡಾಕ್ಟರ ಹತ್ತಿರ ಅಲ್ಲ, ಇವರ ಹತ್ತಿರ.

ಗಡಿಯಾರ, ಜೆರಾಕ್ಸ್, ಮೂರು ಹೊತ್ತಿನ ಕಾಲಂ ಇವನ್ನು ಆಸ್ಪತ್ರೆಯವರೇ ಮರುದಿನದಿಂದ ಶುರು ಮಾಡಿದರು. ಯಾರ ಅಪ್ಪಣೆಯೂ ಬೇಕಿರಲಿಲ್ಲ. 'ನೋವು ಶುರುವಾದ ಹೊತ್ತು' ಬರೆಯಲು ಸಿಸ್ಟರ್‌ಗಳು ಒಂದು ಉಪಾಯ ಕಂಡುಕೊಂಡಿದ್ದಾರೆ. ಎಷ್ಟು ಗಂಟೆಗೆ ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಊಟಕ್ಕೆ ಮುಂಚೆಯಾ ಆಮೇಲಾ, ಕರೆಂಟ್ ಹೋದಾಗಲಾ, ಹಾಲಿನ ಡೇರಿಗೆ ಹೋಗಿ ಬಂದ ಮೇಲಾ ಅಂತ ಕೇಳಿದರೆ ಅರ್ಧ ಗಂಟೆಯ ಅಂದಾಜಿಗೆ ಸಿಗುತ್ತದೆ. ಆ ಕಾಲಂ ತುಂಬಲು ಶುರುವಾದ ಮೇಲೆ ಡ್ಯೂಟಿ ಡಾಕ್ಟರುಗಳು ಸಹಿಗಾಗಿ ಕಾಯುವುದು ಕಡಿಮೆಯಾಗಿದೆ ಅಂತ ಸೂಪರಿಂಟೆಂಡೆಂಟ್ ಹೇಳುತ್ತಾರೆ. ಇರಬಹುದು. ಮೊದಲು ಎಷ್ಟಿತ್ತು ಅಂತ ಬರೆದಿಡದ ಕಾರಣ ನಾನು ಅದನ್ನು ವರದಿಯಲ್ಲಿ ಸೇರಿಸಿಲ್ಲ.

ಫೋನ್ ಕರೆಗೆ ಪ್ರತ್ಯೇಕ ಹುದ್ದೆ ಸಿಗಲಿಲ್ಲ. ಸದ್ಯಕ್ಕೆ ಬಿಪಿ-ಶುಗರ್ ಕೌನ್ಸೆಲರ್ ಶನಿವಾರ ಮಧ್ಯಾಹ್ನ ಬಿಡುವಾದಾಗ ಮಾಡುತ್ತಾರೆ. ನಂಬರ್ ತಪ್ಪಿದ್ದರೆ, ಸ್ವಿಚ್ ಆಫ್ ಇದ್ದರೆ ಆ ಊರಿನ ಆಶಾಗೆ ಹೆಸರು ಹೋಗುತ್ತದೆ. ಗೇಟಿನ ಹೊರಗಿನ ಪಾಲಿನ ಬಗ್ಗೆ ಮುಂದಿನ ಬಜೆಟ್‌ನಲ್ಲಿ ನೋಡೋಣ ಅಂದಿದ್ದಾರೆ.

ಬ್ರಾಟ್ ಡೆಡ್ ಕಾಲಮ್ಮನ್ನು ಮಾತ್ರ ಮೇಲಿನವರು ಒಪ್ಪಿಲ್ಲ. ಅದು ಪೊಲೀಸ್ ಕೇಸಿನ ಪುಸ್ತಕ, ಯೋಜನೆಗೆ ಸಂಬಂಧವಿಲ್ಲ ಅನ್ನುವುದು ಅವರ ಉತ್ತರ. 2025ರ ಜುಲೈನಲ್ಲಿ ರಾಜ್ಯ ಸರ್ಕಾರವೇ ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಹೇಳಿದೆ. ಅದನ್ನೇ ಉಲ್ಲೇಖಿಸಿ ನಾವು ಮತ್ತೆ ಬರೆದಿದ್ದೇವೆ.